ಅತ್ತರೆ ಎತ್ತಿಕೊಳ್ಳಬೇಕೆ?

"ಎತ್ತಿ ಎತ್ತಿ ರೂಢಿ ಮಾಡಿಬಿಟ್ಟಿದ್ದೀಯ, ಇನ್ನು ಕೈಬಿಟ್ಟು ಇಳಿಯೋದಿಲ್ಲ ನೋಡು!" ಈ ಮಾತು ಕೇಳದ ಬಾಣಂತಿ ಯಾರಿದ್ದಾರೆ ಹೇಳಿ? ನಮ್ಮನೆಯಲ್ಲಿ ಮಾತ್ರ ಇದು ತಿರುಗುಮುರುಗು. ಹಾಗೆ ಗದರುತ್ತಿದ್ದವಳು ನಾನು. ಎತ್ತಿಕೊಳ್ಳಲು ಓಡುತ್ತಿದ್ದವರು ನಮ್ಮ ಅತ್ತೆ.

ನಾನು ಪುಸ್ತಕ ಓದಿದವಳು. 1984ರಲ್ಲಿ ಹಿರಿಮಗ ಹುಟ್ಟಿದಾಗ ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಹಾಲು. ನಡುವೆ ಅತ್ತರೆ ಅಳಲಿ, ಎದೆ ಗಟ್ಟಿಯಾಗುತ್ತೆ ಎನ್ನುವ ಶಿಸ್ತು. ಈ ಶಿಸ್ತು ಹಳೆಯದೆಂದು ಆಮೇಲೆ ತಿಳಿಯಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ 1928ರಲ್ಲೇ ಪುಸ್ತಕ ಬರೆದು, ಮಕ್ಕಳನ್ನು ಅಪ್ಪಿ ಮುದ್ದಾಡಬೇಡಿ, ಬೆಳಗ್ಗೆ ಕೈಕುಲುಕಿದರೆ ಸಾಕು ಎಂದಿದ್ದನಂತೆ. ಮಗುವಿನ ಕೈ ಕುಲುಕುವುದು, ಆಫೀಸಿನ ಸಾಹೇಬರ ಹಾಗೆ!

ಎಂಟು ತಿಂಗಳಾಗುವ ಹೊತ್ತಿಗೆ ನನ್ನ ಮಗನ ಅಳು ಕಡಿಮೆಯಾಗುವ ಬದಲು ಹೆಚ್ಚಿತು. ನಾನು ಅಡಿಗೆಮನೆ ಹೊಸ್ತಿಲು ದಾಟಿದರೆ ಸಾಕು, ಕಿರುಚಾಟ. "ಕರೆದರೆ ಬರೋಲ್ಲ ಅಂತ ಅದಕ್ಕೆ ಗೊತ್ತಾಗಿದೆ ಕಣೆ, ಅದಕ್ಕೇ ಮುಂಚೆಯೇ ಕೂಗುತ್ತೆ" ಎಂದರು ಅತ್ತೆ. ಮಗಳು ಹುಟ್ಟಿದಾಗ ಪುಸ್ತಕ ಮುಚ್ಚಿಟ್ಟೆ. ಅವಳು ವರ್ಷ ತುಂಬುವ ಮೊದಲೇ ಅಳುವ ಬದಲು ಕಾಗೆ, ದೀಪ, ತಂಬಿಗೆ ಎಲ್ಲಕ್ಕೂ ಬೆರಳು ತೋರಿಸಿ "ಊ ಊ" ಎನ್ನುತ್ತಿದ್ದಳು.

ಎರಡು ಮಕ್ಕಳನ್ನು ನೋಡಿ ಶಾಸ್ತ್ರ ಹೇಳಬಾರದು, ನಿಜ. ಆದರೆ ಸಿಲ್ವಿಯಾ ಬೆಲ್ ಮತ್ತು ಮೇರಿ ಐನ್ಸ್‌ವರ್ತ್ ಎಂಬ ಇಬ್ಬರು ಹೆಂಗಸರು 26 ತಾಯಿ-ಮಕ್ಕಳನ್ನು ಮೊದಲ ವರ್ಷವಿಡೀ ಗಮನಿಸಿ 1972ರಲ್ಲಿ ಬರೆದದ್ದೂ ಇದನ್ನೇ. ಅತ್ತ ಕೂಡಲೇ ತಾಯಿ ಬಂದ ಮಕ್ಕಳು ವರ್ಷದ ಕೊನೆಗೆ ಕಡಿಮೆ ಅಳುತ್ತಿದ್ದವು. ಸನ್ನೆ, ಸದ್ದು, ಮುಖಭಾವಗಳಿಂದ ತಿಳಿಸುವುದನ್ನು ಹೆಚ್ಚು ಕಲಿತಿದ್ದವು. ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆನ್ನಿ.

ಯೋಚಿಸಿದರೆ ಸೋಜಿಗವೇನಿಲ್ಲ. ಹೆದರಿ ಅಳುವ ಮಗುವಿಗೆ ಸುತ್ತಲಿನದು ಕಾಣಿಸದು. ಎದೆಗವಚಿ "ಹಸಿವಾಯ್ತಾ ಕಂದ, ಸದ್ದಿಗೆ ಬೆಚ್ಚಿದೆಯಾ?" ಎಂದರೆ ಅಳು ನಿಲ್ಲುತ್ತೆ, ಕಣ್ಣು ಅತ್ತಿತ್ತ ಹೊರಳುತ್ತೆ, ಕಿವಿಗೆ ನಾಲ್ಕು ಮಾತು ಬೀಳುತ್ತೆ. ನಾನು ಕೂಗಿದೆ, ಅಮ್ಮ ಬಂದಳು: ಇದೇ ಅದರ ಮೊದಲ ಲೆಕ್ಕ. ರುಮೇನಿಯಾದ ಬುಕಾರೆಸ್ಟಿನ ಅನಾಥಾಲಯಗಳಲ್ಲಿ ಹೀಗೆ ಬರುವವರೇ ಇಲ್ಲದ ಶಿಶುಗಳಿದ್ದವು. 2000ದಲ್ಲಿ ಆರಂಭವಾದ ಅಧ್ಯಯನದಲ್ಲಿ 136 ಮಕ್ಕಳಲ್ಲಿ ಅರ್ಧದಷ್ಟನ್ನು ಸಾಕುಮನೆಗಳಿಗೆ ಕೊಟ್ಟರು. ಅವರ ಬುದ್ಧಿಮಟ್ಟ ಉಳಿದವರಿಗಿಂತ ಮೇಲೇರಿತು, ಅದರಲ್ಲೂ ಎರಡು ವರ್ಷದೊಳಗೆ ಮನೆ ಸೇರಿದವರದು.

ಹಾಗೆಂದು ಗಾಬರಿ ಬೇಡ. ಒಲೆಯ ಮೇಲೆ ಹಾಲು ಉಕ್ಕುವಾಗ ಎರಡು ನಿಮಿಷ ತಡವಾದರೆ ಯಾವ ಮಗುವೂ ಪೆದ್ದಾಗುವುದಿಲ್ಲ.

ನನ್ನ ಹಿರಿಯವನ ಬುದ್ಧಿಗೂ ಕೊರತೆಯಾಗಲಿಲ್ಲ, ಬ್ಯಾಂಕಿನಲ್ಲಿದ್ದಾನೆ. ಆದರೆ ಕಷ್ಟ ಬಂದರೆ ನನಗೆ ಹೇಳೋಲ್ಲ. ತಂಗಿಗೆ ಹೇಳುತ್ತಾನೆ, ಅವಳಿಂದ ನನಗೆ ತಿಳಿಯುತ್ತೆ. ಅದಕ್ಕೂ ಇದಕ್ಕೂ ನಂಟಿದೆಯೋ ಇಲ್ಲವೋ, ರಾತ್ರಿ ನಿದ್ದೆ ಬಾರದಾಗ ಮಾತ್ರ ಇದೆ ಅನ್ನಿಸುತ್ತೆ.

ಅವನ ಮಗಳು ಕೂಸಾಗಿದ್ದಾಗ ಒಂದು ರಾತ್ರಿ ಅತ್ತಿತು. ನಾನು ಎದ್ದು ಕೋಣೆಯಿಂದ ಹೊರಗೆ ಬರುವಷ್ಟರಲ್ಲಿ ಅವನು ಅದನ್ನು ಹೆಗಲಿಗೆ ಹಾಕಿಕೊಂಡು ಹಜಾರದಲ್ಲಿ ಅಡ್ಡಾಡುತ್ತಿದ್ದ. "ನೀನು ಮಲಗಮ್ಮ, ನಾನಿದ್ದೀನಿ" ಎಂದ.