ನಿಂಗೆಂತ ಗೊತ್ತು?

ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲಿನ ಕಡೆ ಮಾತು ಬಿಸಿಯಾದರೆ ಸಾಕು, ಯಾರಾದರೂ ಒಬ್ಬರು ವಯಸ್ಸನ್ನು ಮುಂದೆ ತರುತ್ತಾರೆ. ಲಾಂಚಿನ ಬದಲಿಗೆ 2025ರ ಜುಲೈಯಲ್ಲಿ ತೆರೆದ ಸೇತುವೆಯ ವಿಚಾರದಲ್ಲೂ ಹಾಗೇ. "ಲಾಂಚೇ ಚೆನ್ನಾಗಿತ್ತು" ಅಂತ ಹುಡುಗನೊಬ್ಬ ಅಂದರೆ, "ರಾತ್ರಿ ಹೊತ್ತು ಕಾಯಿಲೆಯವರನ್ನು ಇಟ್ಟುಕೊಂಡು ದಡದಲ್ಲಿ ಕಾದಿದ್ದೀಯೇನಾ? ನಿಂಗೆಂತ ಗೊತ್ತು?" ಅಂತ ಹಿರಿಯರು ಬಾಯಿ ಮುಚ್ಚಿಸುತ್ತಾರೆ. ಹುಡುಗರೂ ಕಮ್ಮಿಯಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಗದ್ದೆ, ತೋಟ, ಮನೆಗಳ ಮಾತು ಬಂದರೆ "ಅಜ್ಜಂದು ಮತ್ತೆ ಶುರುವಾಯ್ತು" ಎಂದು ಮೊಬೈಲ್ ತೆಗೆಯುತ್ತಾರೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಊರು ಬಿಟ್ಟದ್ದನ್ನು ನೆನಪಿಟ್ಟವರು ಇನ್ನೆಷ್ಟು ಜನ ಇದ್ದಾರೆ? ಅವರ ಮಾತನ್ನು ಅರ್ಧಕ್ಕೆ ತುಂಡರಿಸುವುದು ಕಂಡರೆ ಸಂಕಟವಾಗುತ್ತದೆ.

ಹಾಗಂತ ವಯಸ್ಸಿನ ದರ್ಬಾರನ್ನೂ ನಾನು ಒಪ್ಪುವುದಿಲ್ಲ, ಅದರಲ್ಲೂ ಈ ಸೀಮೆಯಲ್ಲಿ. ಹೆಗ್ಗೋಡಿನಲ್ಲಿ ನೀನಾಸಂ ನಾಟಕ ಸಂಘ ಶುರುವಾದ 1949ರಲ್ಲಿ ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗಿನ್ನೂ 17. ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹದ ಹೊತ್ತಿಗೆ ಅದರ ಮುಂದಾಳು, ಆರಗದ ಶಾಂತವೇರಿ ಗೋಪಾಲಗೌಡರಿಗೆ 28. ಮರುವರ್ಷವೇ ಸಾಗರ-ಹೊಸನಗರದ ಜನ ಅವರನ್ನು ವಿಧಾನಸಭೆಗೆ ಕಳಿಸಿದರು. ಆ ಹೋರಾಟದ ಜಗಳ ಎದ್ದದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ. ಅದನ್ನು ಕೇಳಲು ತಲೆ ನರೆಯುವವರೆಗೆ ಕಾಯಬೇಕಿತ್ತೇ?

ಶರಾವತಿ ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ತಕರಾರು ಇನ್ನೂ ಮುಗಿದಿಲ್ಲ. ಆ ಕಡತ ಹಿಡಿದು ಸಾಗರ, ಶಿವಮೊಗ್ಗ ಅಂತ ಕಚೇರಿ ಅಲೆಯಲು ಮೊಮ್ಮಕ್ಕಳು ಬೇಕು. ಯಾರ ಗದ್ದೆ ಎಲ್ಲಿತ್ತು, ಯಾರನ್ನು ಎಲ್ಲಿಗೆ ಎಬ್ಬಿಸಿದರು ಎಂದು ಹೇಳಲು ಅಜ್ಜಂದಿರೇ ಬೇಕು.