ವೈಯಾವೃತ್ಯ ಮತ್ತು ಒಂದು ಲೋಟ ನೀರು

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ ಆರು ಆಭ್ಯಂತರ ತಪಸ್ಸುಗಳನ್ನು ಹೇಳುವಾಗ ವೈಯಾವೃತ್ಯವನ್ನು ಸ್ವಾಧ್ಯಾಯಕ್ಕೂ ಧ್ಯಾನಕ್ಕೂ ಮೊದಲು ಎಣಿಸಿದ್ದಾರೆ. ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ ‘ಗ್ಲಾನ’, ಎಂದರೆ ರೋಗಪೀಡಿತ ಮುನಿಯೂ ಒಬ್ಬರು. ಸೂತ್ರದ ಮಾತು ಮುನಿಸಂಘಕ್ಕೆ ಸಂಬಂಧಿಸಿದ್ದೆಂದು ಬಲ್ಲೆ. ಆದರೂ ದಾದಿಯಾಗಿ ಕಳೆದ ಮೂರು ದಶಕಗಳಲ್ಲಿ ನನಗೆ ಆಧಾರವಾದದ್ದು ಆ ಶಬ್ದವೇ. ಕೈಯಿಂದ ಮಾಡುವ ಈ ಕೆಲಸ ಆಭ್ಯಂತರ ತಪಸ್ಸು ಹೇಗಾಯಿತೆಂಬುದು ಮಾತ್ರ 1989ರವರೆಗೆ ನನಗೆ ಅರ್ಥವಾಗಿರಲಿಲ್ಲ.

ಆ ವರ್ಷದ ಬೇಸಿಗೆ. ಉತ್ತರ ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ ಪಾರ್ಶ್ವವಾಯು ಪೀಡಿತರಾದ ಒಬ್ಬ ವೃದ್ಧ ರೈತರು ನನ್ನ ವಾರ್ಡಿನಲ್ಲಿದ್ದರು. ನುಂಗಲು ತೊಂದರೆಯಿಲ್ಲವೆಂದು ವೈದ್ಯರು ಪರೀಕ್ಷಿಸಿ ಹೇಳಿದ್ದರು. ಒಂದು ಬೆಳಿಗ್ಗೆ ಅವರ ಹಾಸಿಗೆ ಮಲಮೂತ್ರದಿಂದ ನೆನೆದಿತ್ತು. ಬಟ್ಟೆ ಬದಲಿಸಿದೆ, ಮೈ ಒರೆಸಿದೆ, ಪುಡಿ ಹಾಕಿದೆ; ಕ್ರಮದಲ್ಲಿ ಯಾವ ಲೋಪವೂ ಇರಲಿಲ್ಲ. ಆದರೆ ಒಂದು ಕ್ಷಣ ಮೂಗು ಮುರಿದಿದ್ದೆ. ಅವರು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು.

ಅಂದಿನಿಂದ ಅವರು ನೀರು ಕುಡಿಯಲಿಲ್ಲ. ‘ನೀರು ನಿರಾಕರಿಸುತ್ತಾರೆ’ ಎಂದು ಎರಡು ದಿನ ದಾಖಲೆಯಲ್ಲಿ ಬರೆದೆ. ನಾಲಿಗೆ ಒಣಗಿತು, ಮೂತ್ರ ಕಡುಬಣ್ಣಕ್ಕೆ ತಿರುಗಿತು, ಸಲೈನ್ ಹಾಕಬೇಕಾಯಿತು. ಕಾರಣವನ್ನು ಕೇಳಲು ನನಗೆ ತೋಚಿದ್ದು ಮೂರನೆಯ ದಿನ. “ಬ್ಯಾಡವ್ವಾ, ನೀರ ಕುಡದರ ಮತ್ತ ನಿನಗ ತ್ರಾಸ” ಎಂದರು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಗೆ ಉದ್ದಾಯನ ಮಹಾರಾಜನ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಕುಷ್ಠರೋಗಿಯಾದ ಮುನಿಯ ವೇಷದಲ್ಲಿ ಬಂದ ದೇವನು ಆಹಾರ ಸ್ವೀಕರಿಸಿ ವಾಂತಿ ಮಾಡಿಕೊಂಡಾಗ ಪರಿಜನರು ಓಡಿಹೋದರು. ರಾಜನು ತನ್ನ ಕೈಯಿಂದಲೇ ಮುನಿಯ ಮೈ ತೊಳೆದನು. ಬಾಲ್ಯದಲ್ಲಿ ನನಗೆ ದೊಡ್ಡದೆನಿಸಿದ್ದು ಆ ತೊಳೆಯುವಿಕೆ. ತಾನು ನೀಡಿದ ಆಹಾರದಲ್ಲೇ ದೋಷವಿತ್ತೇನೋ ಎಂದು ರಾಜನು ಮರುಗಿದನೆಂಬ ಮಾತೂ ಆ ಕಥೆಯಲ್ಲಿದೆ. ಅದರ ಬೆಲೆ ನನಗೆ ತಿಳಿದದ್ದು ಆ ಹಾಸಿಗೆಯ ಬಳಿ. ನಾನಾದರೋ ದೋಷವನ್ನು ರೋಗಿಯ ಹೆಸರಿನಲ್ಲಿ ಬರೆದಿಟ್ಟಿದ್ದೆ.

ಜುಗುಪ್ಸೆಯಿಲ್ಲದಿರುವುದೆಂದರೆ ಕೈಗವಸನ್ನು ತ್ಯಜಿಸುವುದೆಂದು ಕೆಲವು ಭಾವುಕರು ತಿಳಿಯುತ್ತಾರೆ. ಹಾಗಲ್ಲ. ಕೈಗವಸು, ಸಾಬೂನು ಇರಲೇಬೇಕು. ಒಬ್ಬರ ಸೋಂಕನ್ನು ಇನ್ನೊಬ್ಬರಿಗೆ ದಾಟಿಸುವುದು ಅಹಿಂಸೆಯಾಗದು. ಮುಟ್ಟುವ ಮೊದಲು “ಈಗ ಮಗ್ಗುಲು ತಿರುಗಿಸಲೇ?” ಎಂದು ಕೇಳುವುದನ್ನೂ, ಒರೆಸುವಾಗ ಊರಿನ ಮಳೆಬೆಳೆಯ ಮಾತಾಡುವುದನ್ನೂ ನಾನು ಆಮೇಲೆ ರೂಢಿಸಿಕೊಂಡೆ. ನಿಜ ಹೇಳಬೇಕೆಂದರೆ ಜುಗುಪ್ಸೆ ಪೂರ್ತಿಯಾಗಿ ಹೋಗಲಿಲ್ಲ. ಅದು ಬಂದಾಗ ಗುರುತಿಸುವುದನ್ನು ಕಲಿತೆನಷ್ಟೆ.

ನಮ್ಮ ಬಸದಿಗಳ ಟ್ರಸ್ಟುಗಳು ಔಷಧದಾನಕ್ಕೆ ಧಾರಾಳವಾಗಿ ನೀಡುತ್ತವೆ. ಮಂಚಕ್ಕೆ, ಗಾಲಿಕುರ್ಚಿಗೆ ದಾನಿಗಳ ಹೆಸರನ್ನೂ ಬರೆಸುತ್ತವೆ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಅದನ್ನು ತಡೆಯುವ ಬಗೆಯನ್ನು ಮನೆಯವರಿಗೆ, ಗಂಡಸರಿಗೂ ಸೇರಿಸಿ, ಕಲಿಸಲು ಪರ್ಯುಷಣದ ಒಂದು ಮಧ್ಯಾಹ್ನವನ್ನು ಮೀಸಲಿಟ್ಟರೆ ಖರ್ಚು ಏನೂ ಇಲ್ಲ.

ಆ ಹಿರಿಯರು ನಾಲ್ಕನೆಯ ದಿನದಿಂದ ನೀರು ಕುಡಿಯತೊಡಗಿದರು. ರಾತ್ರಿಪಾಳಿಯ ದಾದಿಯನ್ನು ಅವರಾಗಿಯೇ ಕೇಳಿ ಪಡೆಯುತ್ತಿದ್ದರಂತೆ. ನನ್ನನ್ನು ಮಾತ್ರ ಬಿಡುಗಡೆಯಾಗುವವರೆಗೂ ಕೇಳಲಿಲ್ಲ. ನಾನೇ ಲೋಟ ಹಿಡಿದು ಹೋಗಬೇಕಾಗುತ್ತಿತ್ತು.