ಪಾರ್ಕಿಂಗಿನ ಬೋರ್ಡು, ಅಪ್ಪಯ್ಯನ ಕ್ಯಾನು

ಸ್ಯಾನ್ ಹೋಸೆಗೆ ಬಂದ ಹೊಸತರಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಒಂದು ಬೋರ್ಡು ನೋಡಿ ಗಾಬರಿಯಾಗಿದ್ದೆ. ಇಲ್ಲಿರೋ ರಾಸಾಯನಿಕಗಳಿಂದ ಕ್ಯಾನ್ಸರ್ ಬರಬಹುದು ಅಂತ ಬರೆದಿತ್ತು! ರೂಮ್‌ಮೇಟ್ ನಕ್ಕ. "ಎಲ್ಲಾ ಕಡೆ ಇರತ್ತೆ ಕಣೋ, ಯಾರೂ ಓದಲ್ಲ."

ಅದರ ಹಿಂದಿರೋದು ಪ್ರಾಪ್ 65. 1986ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಜನರೇ ನೇರವಾಗಿ ಮತ ಹಾಕಿ ಮಾಡಿಕೊಂಡ ಕಾನೂನು. ನೂರಕ್ಕೆ ಸುಮಾರು 63 ಮತ ಅದರ ಪರ. ಅಪಾಯಕಾರಿ ರಾಸಾಯನಿಕಗಳ ಪಟ್ಟಿಯನ್ನು ಸರ್ಕಾರ ಇಡಬೇಕು, 10 ಅಥವಾ ಹೆಚ್ಚು ಕೆಲಸಗಾರರಿರೋ ಕಂಪನಿಗಳು ಜನರಿಗೆ ಮೊದಲೇ ಎಚ್ಚರಿಕೆ ಕೊಡಬೇಕು. ಪಟ್ಟಿಯಲ್ಲೀಗ 900ಕ್ಕೂ ಹೆಚ್ಚು ಹೆಸರುಗಳು.

2017ರಲ್ಲಿ ಗ್ಲೈಫೋಸೇಟ್ ಅದಕ್ಕೆ ಸೇರಿತು. ಹೆಸರು ಓದಿದ್ದೇ ತೀರ್ಥಹಳ್ಳಿ ಹತ್ತಿರದ ನಮ್ಮ ಅಡಿಕೆ ತೋಟ ನೆನಪಾಯ್ತು. ಅಪ್ಪಯ್ಯ ಬೆನ್ನಿಗೆ ಕ್ಯಾನು ಹಾಕಿಕೊಂಡು ಬರಿಗೈ, ಬರಿಗಾಲಲ್ಲಿ ಇದೇ ಕಳೆ ಔಷಧಿ ಹೊಡೀತಿದ್ದ. "ಡಬ್ಬದ ಮೇಲೆ ಎಂತ ಬರೆದಿದೆ ಓದಿ ಹೇಳೋ" ಅಂದರೆ ನಾನು ಕ್ರಿಕೆಟ್ ಆಡಕ್ಕೆ ಓಡ್ತಿದ್ದೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಗ್ಲೈಫೋಸೇಟನ್ನು 'ಬಹುಶಃ ಕ್ಯಾನ್ಸರ್ ತರುವಂಥದ್ದು' ಎಂದಿತ್ತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಪ್ಪಲಿಲ್ಲ. ಈ ಭಿನ್ನಾಭಿಪ್ರಾಯ ಹಿಡಿದು ಗೋಧಿ ಬೆಳೆಗಾರರ ಸಂಘ, ಮಾನ್ಸಾಂಟೊ ಮೊದಲಾದವರು ಕೋರ್ಟಿಗೆ ಹೋದರು. ಮಾತಾಡೋ ಸ್ವಾತಂತ್ರ್ಯ ಅಂದರೆ ನಾವು ಒಪ್ಪದ ಮಾತು ಆಡದೇ ಇರೋ ಸ್ವಾತಂತ್ರ್ಯವೂ ಹೌದು ಅಂತ ಅವರ ವಾದ. 2023ರ ನವೆಂಬರಿನಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟು 2-1ರಲ್ಲಿ ಅವರ ಪರ ನಿಂತಿತು. ಕಾನೂನು ಉಳೀತು, ಗ್ಲೈಫೋಸೇಟಿನ ಎಚ್ಚರಿಕೆ ಹೋಯ್ತು.

ಮೊದಲು ಸಿಟ್ಟು ಬಂತು. ಆಮೇಲೆ ಆಫೀಸಿನ ಬಿಲ್ಡ್ ನೆನಪಾಯ್ತು. ಸಾವಿರ ವಾರ್ನಿಂಗ್ ಬಂದರೆ ನಾವೂ ಒಂದನ್ನೂ ನೋಡಲ್ಲ. ಖಚಿತವಿಲ್ಲದ್ದನ್ನು ಖಚಿತ ಅನ್ನೋ ಹಾಗೆ ಬರೆಸೋದೂ ತಪ್ಪೇ. ಆದರೆ 'ಇವರು ಹೀಗಂತಾರೆ, ಅವರು ಹಾಗಂತಾರೆ' ಅಂತ ಎರಡೂ ಹೇಳೋ ಒಕ್ಕಣೆಯನ್ನೂ ರಾಜ್ಯ ಮುಂದಿಟ್ಟಿತ್ತು. ಕೋರ್ಟು ಅದನ್ನೂ ಒಪ್ಪಲಿಲ್ಲ. ನನಗೆ ಜೀರ್ಣವಾಗದ್ದು ಇದು. ಬೋರ್ಡೇ ಇಲ್ಲದಿದ್ದರೆ ಓದೋನಿಗೆ 'ಅಪಾಯ ಇಲ್ಲ' ಅಂತ ತಾನೇ ಅರ್ಥ?

ಆ ಭಾನುವಾರ ಊರಿಗೆ ಫೋನ್ ಮಾಡಿದೆ. 2022ರಲ್ಲಿ ಭಾರತ ಸರ್ಕಾರವೂ ಇದನ್ನು ಪೆಸ್ಟ್ ಕಂಟ್ರೋಲ್ ಆಪರೇಟರುಗಳು ಮಾತ್ರ ಬಳಸಬೇಕು ಅಂತ ಆದೇಶ ಮಾಡಿದ್ದು ಅಪ್ಪಯ್ಯನಿಗೆ ಗೊತ್ತೇ ಇರಲಿಲ್ಲ.

"ಅದ್ರಿಂದ ಕ್ಯಾನ್ಸರ್ ಬರ್ತದಾ?"

"ತಿಳಿದವರಲ್ಲೇ ಒಮ್ಮತ ಇಲ್ಲ ಅಪ್ಪಯ್ಯ."

"ಅಷ್ಟು ಹೇಳಕ್ಕೆ ಇಷ್ಟು ವರ್ಷ ಬೇಕಾಯ್ತಾ ಮಾರಾಯ? ಇರ್ಲಿ, ಇನ್ಮೇಲೆ ಕತ್ತೀಲೇ ಕಳೆ ಹೊಡೆಸ್ತೀನಿ."

ಡಬ್ಬ ಓದದೇ ಓಡಿದ ಹುಡುಗ ಫೋನ್ ಹಿಡಿದು ಸುಮ್ಮನೆ ನಿಂತಿದ್ದ. ನೀವೇನಂತೀರಿ?